ದೋಣಿ ಸುಟ್ಟು ತೆಗೆದ ಮೊಳೆ

ಓರಿನ್‌ಬಾಯ್ ಅತಾ, ಅಂದರೆ ನಮ್ಮ ಬೀದಿಯ ಅಜ್ಜ, ಮೊಳೆ ತುಂಬಿದ ಬಕೆಟ್ ತಂದು ನನ್ನ ಕಾಲ ಬಳಿ ಇಟ್ಟಾಗಲೇ ಗೊತ್ತಾಗಿತ್ತು, ಆ ಮೊಳೆಗಳು ಕೆಲಸಕ್ಕೆ ಬರುವುದಿಲ್ಲ ಅಂತ.

ಅವತ್ತು ನಮ್ಮ ಮನೆಯಲ್ಲಿ ಹಷರ್. ಬೀದಿಯವರೆಲ್ಲ ಬಂದು ಕೂಲಿಯಿಲ್ಲದೆ ದುಡಿಯುವ ದಿನ. ನಾನು ಅಪಾ ಅನ್ನುವ ಅಕ್ಕ ಜಿಬೆಕ್‌ಳ ಶ್ವಾಸಕೋಶ ಕೆಟ್ಟಿತ್ತು. ಒಣಗಿದ ಸಮುದ್ರದ ತಳದಿಂದ ಏಳುವ ಉಪ್ಪಿನ ಧೂಳು ನಮ್ಮ ಜೊಂಡು-ಮಣ್ಣಿನ ಮಾಡಿನ ಸಂದಿಯಲ್ಲಿ ಇಳಿದು ಹಾಸಿಗೆ, ಹಿಟ್ಟು, ಗಂಟಲು ಎಲ್ಲದರಲ್ಲೂ ಕೂರುತ್ತಿತ್ತು. "ಮನೆಯೊಳಗೆ ಧೂಳು ಬಂದ್ರೆ ಈಕೆ ಉಳಿಯಲ್ಲ" ಅಂದಿದ್ದರು ಡಾಕ್ಟರು. ಅದಕ್ಕೇ ತಗಡಿನ ಮಾಡು. ತಗಡು ಹೊಂದಿಸಿದ್ದೆ. ಒಳ್ಳೆಯ ಮೊಳೆ ಅರ್ಧ ಮಾಡಿಗಾಗುವಷ್ಟೇ ಇತ್ತು. ಉಳಿದದ್ದು ನಾವು ತರ್ತೀವಿ ಅಂದಿದ್ದರು ಬೀದಿಯವರು. ಹಷರಿಗೆ ತಂದದ್ದನ್ನು ಬೇಡ ಅನ್ನುವ ಹಾಗಿಲ್ಲ. ಅನ್ನುವವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಹದಿನಾಲ್ಕಕ್ಕೆ ಶಾಲೆ ಬಿಟ್ಟು ನಾಲ್ಕು ವರ್ಷ ಮೊಳೆ ಕಾರ್ಖಾನೆಯಲ್ಲಿ ಸತುವಿನ ತೊಟ್ಟಿಯ ಮುಂದೆ ಬೆಂದವನು ನಾನು. ಮೊಳೆಗಳನ್ನು ಆಸಿಡ್ಡಿನಲ್ಲಿ ತೊಳೆದು, ಬುಟ್ಟಿಗೆ ತುಂಬಿ, ಕರಗಿದ ಸತುವಿನಲ್ಲಿ ಅದ್ದಿ ಎತ್ತುವುದು. ಕಬ್ಬಿಣಕ್ಕೆ ಅಂಟುವ ಆ ಬೂದು ಪದರ ಬರೀ ಬಣ್ಣವಲ್ಲ. ಸುತ್ತಿಗೆಯ ಏಟಿಗೆ ಒಂದು ಕಡೆ ಕೆರೆದುಹೋದರೂ ಪಕ್ಕದ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಉಪ್ಪು ಮೊದಲು ಅದನ್ನು ತಿಂದು ಮುಗಿಸಬೇಕು. ಅದೆಲ್ಲ ಬಿಳಿ ಪುಡಿಯಾಗಿ ಉದುರಿದ ಮೇಲೇ ಕೆಂಪು ತುಕ್ಕಿನ ಸರದಿ. ಇದನ್ನು ಯಾವ ಮೇಷ್ಟ್ರೂ ಕಲಿಸಲಿಲ್ಲ, ಸುಟ್ಟ ಕೈ ಕಲಿಸಿತು.

ಅತಾ ತಂದ ಮೊಳೆಗಳು ಕಪ್ಪಗಿದ್ದವು. ಮೇಲೆಲ್ಲ ಬೂದಿ.

"ಎಲ್ಲಿಂದ ತಂದ್ರಿ ಅತಾ?"

"ನನ್ನ ದೋಣಿಯವು ಕಣೋ ಸರ್ಸೆನ್. ನಿನ್ನೆ ಸುಟ್ಟೆ."

ಕೆಲಸ ಮಾಡುತ್ತಿದ್ದವರೆಲ್ಲ ನಿಂತರು. ಆ ದೋಣಿಯನ್ನು ಅತಾ ತಾವೇ ಕಟ್ಟಿದ್ದರು. ಸಮುದ್ರ ಹೋದ ಮೇಲೂ ಅಂಗಳದಲ್ಲಿ ಬೋರಲು ಹಾಕಿ ವರ್ಷಕ್ಕೊಮ್ಮೆ ಟಾರು ಬಳಿಯುತ್ತಿದ್ದರು. ಮೊಮ್ಮಕ್ಕಳನ್ನೂ ಹತ್ತಲು ಬಿಡುತ್ತಿರಲಿಲ್ಲ.

"ಅಯ್ಯೋ, ದೋಣಿ ಸುಟ್ಬಿಟ್ರಾ!" ಪಕ್ಕದ ಮನೆಯ ಸಪರ್ನಿಯಾಜ್ ಮಾಡಿನ ಮೇಲಿಂದಲೇ ಕೂಗಿದ. "ಇನ್ಮೇಲೆ ಅಜ್ಜಿ ನಿಮ್ಮನ್ನ ಮನೆಯಿಂದ ಹೊರಗೆ ಹಾಕಿದ್ರೆ ಎಲ್ಲಿ ಮಲಗ್ತೀರಿ?"

"ನಿನ್ನ ಹೆಂಡತಿ ನಿನ್ನ ಮಲಗಿಸ್ತಾಳಲ್ಲ ಕತ್ತೆ ಕೊಟ್ಟಿಗೆ, ಅಲ್ಲಿಗೇ ಬರ್ತೀನಿ ಬಿಡು," ಅಂದರು ಅತಾ. ಎಲ್ಲರೂ ನಕ್ಕರು. ಅತಾ ನನ್ನ ಕಡೆ ತಿರುಗಿದರು. "ಕೀಳೋಕೆ ಹೋದ್ರೆ ಹಲಗೆ ಬಿಡ್ಲಿಲ್ಲ. ಬೆಂಕಿ ಇಟ್ಟು ಬೂದಿಯಿಂದ ಆರಿಸ್ದೆ. ಹದಿನೆಂಟು ವರ್ಷ ಉಪ್ಪುನೀರಲ್ಲಿದ್ರೂ ಒಂದು ಚುಕ್ಕೆ ತುಕ್ಕು ಹಿಡಿದಿರ್ಲಿಲ್ಲ. ನಿನ್ನ ಕಾರ್ಖಾನೆ ಮೊಳೆಗೆ ಅಪ್ಪ ಇವು!"

"ಹೊಗೆ ಬೆಳ್ಳಗಿತ್ತಾ ಅತಾ?"

"ಹಾಲಿನಂಗೆ. ಕುಡಿದು ಚಳಿಜ್ವರಾನೇ ಬಂತು."

ಆ ಬಿಳಿ ಹೊಗೆಯೇ ಸತು. ಹದಿನೆಂಟು ವರ್ಷ ಮೊಳೆಯನ್ನು ಕಾದದ್ದೆಲ್ಲ ಒಂದು ಮಧ್ಯಾಹ್ನ ಹೊಗೆಯಾಗಿ ಹೋಗಿತ್ತು.

ಅಕ್ಕ ಚಹಾ ತಂದಳು. ಅವಳನ್ನು ಗೋಡೆಯ ಹಿಂದೆ ಕರೆದೆ.

"ಅಪಾ, ಇವು ಬೆತ್ತಲೆ ಕಬ್ಬಿಣ. ತಾವೂ ಕರಗ್ತವೆ, ತೂತಿನ ಸುತ್ತ ತಗಡಿನ ಸತೂನೂ ತಿಂದು ತೂತು ದೊಡ್ಡದು ಮಾಡ್ತವೆ. ಮೂರು ವರ್ಷ ತಡೆಯಲ್ಲ."

"ದೋಣೀನೇ ಸುಟ್ಟಿದಾರೆ ಕಣೋ ನನಗೋಸ್ಕರ." ಮಾತಿನ ನಡುವೆ ಎರಡು ಸಲ ಉಸಿರು ಎಳೆದುಕೊಂಡಳು. "ಇಷ್ಟು ಜನರೆದುರು ಬೇಡ ಅಂತೀಯಾ? ಸುಮ್ನೆ ಹೊಡಿ."

ಹೊಡೆದೆ. ಬುದ್ಧಿವಂತ ನಾನು! ಬಿರುಗಾಳಿ ಬರುವುದು ಉತ್ತರದಿಂದ, ಸಮುದ್ರದ ತಳದಿಂದ. ಹಾಗಾಗಿ ಉತ್ತರದ ಇಳಿಜಾರಿಗೆಲ್ಲ ನನ್ನ ಮೊಳೆ, ದಕ್ಷಿಣಕ್ಕೆ ಅತಾ ತಂದದ್ದು. ಸದ್ದಿಲ್ಲದೆ ಆಮೇಲೆ ಬದಲಾಯಿಸೋಣ ಅಂದುಕೊಂಡೆ.

ಆದರೆ ಅತಾ ದಿನಾ ಬಂದು ನಮ್ಮ ಮನೆ ಎದುರಿನ ಬೆಂಚಿನಲ್ಲಿ ಕೂರತೊಡಗಿದರು. ಹೋಗಿ ಬರುವವರಿಗೆ ಕೈ ತೋರಿಸಿ, "ನೋಡಿ, ನನ್ನ ದೋಣಿ ಈಗ ಅಲ್ಲಿದೆ" ಅನ್ನುತ್ತಿದ್ದರು. ಅವರ ಕಣ್ಣೆದುರು ಏಣಿ ಹಾಕಿ ಒಂದೊಂದೇ ಮೊಳೆ ಕೀಳುವುದು ಹೇಗೆ? ಮುಂದಿನ ತಿಂಗಳು, ಚಳಿ ಕಳೆದ ಮೇಲೆ, ಅತಾ ಮಗಳ ಊರಿಗೆ ಹೋದಾಗ. ಹೀಗೇ ಎರಡು ವರ್ಷ. ತೂತುಗಳ ಸುತ್ತ ಮೊದಲು ಬಿಳಿ ಉಂಗುರ ಬಂತು, ಆಮೇಲೆ ಕೆಂಪು. ನೋಡಿದೆ. ನೋಡಿಯೂ ಸುಮ್ಮನಿದ್ದೆ. ಧೂಳಿಲ್ಲದ ಮನೆಯಲ್ಲಿ ಅಕ್ಕ ಹಾಡಿಕೊಂಡು ರೊಟ್ಟಿ ತಟ್ಟುತ್ತಿದ್ದಳು, ನನಗಷ್ಟೇ ಸಾಕಾಗಿತ್ತು.

ಮೂರನೆಯ ವಸಂತದಲ್ಲಿ ಬಿರುಗಾಳಿ ಬಂದಾಗ ನಾನು ಪಕ್ಕದ ಊರಿನಲ್ಲಿ ಯಾರದೋ ಮಾಡಿನ ಮೇಲಿದ್ದೆ. ಗಾಳಿ ಉತ್ತರದಿಂದಲೇ ಬಂತು. ಬಂದು, ಮಾಡಿನ ನೆತ್ತಿ ದಾಟಿ, ಎತ್ತಿದ್ದು ದಕ್ಷಿಣದ ತಗಡುಗಳನ್ನು. ಗಾಳಿ ಬೀಸುವ ಕಡೆ ಒತ್ತುತ್ತದೆ, ಮರೆಯ ಕಡೆ ಹೀರಿ ಮೇಲಕ್ಕೆಳೆಯುತ್ತದೆ. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮೂರು ಗಂಟೆ ಕಾಲ ಮನೆಯೊಳಗೆ ಉಪ್ಪು ಸುರಿದಿತ್ತು. ನಾನು ಬಂದಾಗ ಅಕ್ಕ ಒದ್ದೆ ಬಟ್ಟೆ ಮುಖಕ್ಕೆ ಒತ್ತಿಕೊಂಡು ಮೇಜಿನ ಕೆಳಗಿದ್ದಳು. ಹುಬ್ಬು ಬೆಳ್ಳಗಾಗಿತ್ತು. ಒಂಬತ್ತನೇ ದಿನ ಆಸ್ಪತ್ರೆಯಲ್ಲಿ ತೀರಿಹೋದಳು.

ಅವಳು ಸತ್ತ ಏಳನೇ ದಿನದ ಊಟಕ್ಕೆ ಬೀದಿಯವರೆಲ್ಲ ಬಂದು ಕೂತಿದ್ದರು. ಓರಿನ್‌ಬಾಯ್ ಅತಾ ಕೊನೆಗೆ ಬಂದರು. ಜೇಬಿನಿಂದ ನಾಲ್ಕು ಮೊಳೆ ತೆಗೆದು ರೊಟ್ಟಿ ಇಟ್ಟಿದ್ದ ಬಟ್ಟೆಯ ಮೇಲೆ ಹಾಕಿದರು. ಕಡ್ಡಿಯಷ್ಟು ಸಣ್ಣಗಾಗಿದ್ದವು. ಒಂದಕ್ಕೆ ತಲೆಯೇ ಇರಲಿಲ್ಲ.

"ಬೆಂಕಿಗೆ ಹಾಕಿದ್ದು ತಪ್ಪಾಯ್ತಾ?"

ಸಪರ್ನಿಯಾಜ್ ನಡುವೆ ಬಾಯಿ ಹಾಕಿದ. "ಬಿಡಿ ಅತಾ, ದೇವರು ಬರೆದಿದ್ದು..."

"ನಿನ್ನ ಕೇಳ್ಲಿಲ್ಲ. ಸತುವಿನ ತೊಟ್ಟಿಯವನನ್ನ ಕೇಳ್ತಿದೀನಿ."

"ಹೌದು," ಅಂದೆ.

"ಯಾವಾಗ ಗೊತ್ತಾಯ್ತು?"

"ನೀವು ಬಕೆಟ್ ಇಟ್ಟಾಗಲೇ."

ಅತಾ ಮುಖ ಕೆಂಪಾಯಿತು. ಎರಡೂವರೆ ವರ್ಷದ ಹಿಂದೆ ಜನರೆದುರು ಆ ಮುಖ ಕೆಂಪಾಗದಿರಲಿ ಅಂತ ನಾನು, ಅಕ್ಕ ತಪ್ಪಿಸಿದ್ದೆವಲ್ಲ, ಅದೇ ಕೆಂಪು.

"ನನಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು. ಆ ಹುಡುಗಿ ಉಸಿರಾಡ್ಲಿ ಅಂತ ದೋಣಿ ಸುಟ್ಟೆ ಕಣೋ ನಾನು. ಬೈದು ವಾಪಸ್ ಕಳಿಸಿದ್ರೆ ಒಂದು ವಾರ ಮಾತು ಬಿಡ್ತಿದ್ದೆ, ಅಷ್ಟೇ. ನನ್ನ ಒಂದು ವಾರದ ಸಿಟ್ಟಿಗೆ ಅವಳ ಉಸಿರು ಕೊಟ್ಟೆಯಾ?"

ಎಲ್ಲರೂ ತಂತಮ್ಮ ಚಹಾ ಬಟ್ಟಲು ನೋಡುತ್ತಿದ್ದರು. ನನ್ನ ಬಾಯಿಂದ ಬಂದೇಬಿಟ್ಟಿತು: "ಅಪಾನೇ ಹೊಡಿ ಅಂದಿದ್ದು."

"ಸುತ್ತಿಗೆ ಯಾರ ಕೈಲಿತ್ತು?"

ರೊಟ್ಟಿ ಮುರಿಯದೆ ಎದ್ದು ಹೋದರು. ಕೂತುಕೊಳ್ಳಿ ಅತಾ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.