ಕೆಂಪು ದೀಪ ಸುಳ್ಳು ಹೇಳಲಿಲ್ಲ

ನನ್ನ ಮೊಮ್ಮಗಳು ಏಂಜೆಲ ಇವತ್ತು ಬದುಕಿದ್ದಾಳೆ. ಅದಕ್ಕೆ ಕಾರಣ ಅವಳ ಕಾಲಲ್ಲಿದ್ದ ರಬ್ಬರ್ ಚಪ್ಪಲಿ. ಅವಳ ಅಜ್ಜನ ಬುದ್ಧಿಯಲ್ಲ. ಮೂವತ್ತೊಂದು ವರ್ಷ ನರ್ಸ್ ಕೆಲಸ ಮಾಡಿದ ನನ್ನ ಬುದ್ಧಿಯಂತೂ ಅಲ್ಲವೇ ಅಲ್ಲ. ಮಹಿಳಾ ಸಂಘದ ಅಕ್ಕತಂಗಿಯರೇ, ಈ ಕರಪತ್ರದ ಕಥೆಯನ್ನು ನಾನು ಸಮಾಧಾನವಾಗಿ ಹೇಳುತ್ತೇನೆ ಅಂದುಕೊಳ್ಳಬೇಡಿ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನನ್ನ ಹೆಸರು ಲಿಲ್ಲಿ. ಮನೆ ಬೀದರದಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ. ಕೆಲಸ ಔರಾದ ಆಚೆಯ ಒಂದು ಆರೋಗ್ಯ ಕೇಂದ್ರದಲ್ಲಿ. ಇಷ್ಟು ವರ್ಷ ಬಸ್ಸಿನಲ್ಲಿ ನಿಂತು ನಿಂತು ಮೊಣಕಾಲು ಸವೆದವು. ಜನವರಿಯಲ್ಲಿ ನಾನೂ ನನ್ನ ಗಂಡ ಆಲ್ಬರ್ಟರೂ ಸೇರಿ ಒಂದು ಸಣ್ಣ ಬ್ಯಾಟರಿ ಕಾರು ತಂದೆವು. ಓಣಿಯವರೆಲ್ಲ ಬಂದು ಸುತ್ತ ನಿಂತು ಒಂದೇ ಮಾತು ಕೇಳಿದರು.

"ಸಿಸ್ಟರ್, ಇದು ಔರಾದಿಗಿ ಹೋಗಿ ವಾಪಸ್ ಬರ್ತದೇನ್ರಿ? ಇಲ್ಲಾ ನಡುದಾರ್ಯಾಗ ಸಂತಪುರದಾಗ ನೂಕಬೇಕಾಗ್ತದ?"

ಬರುತ್ತದೆ. ದಿನಾ ಹೋಗಿ ದಿನಾ ಬಂದಿದೆ. ಸಂಜೆ ಮನೆಗೆ ಬಂದು ಅಂಗಳದಲ್ಲಿ ನಿಲ್ಲಿಸಿ ಪ್ಲಗ್ ಹಾಕುವುದು, ಬೆಳಿಗ್ಗೆ ತೆಗೆದು ಹೊರಡುವುದು. ಹಿಂದಿನ ಸೀಟಿನ ಮೇಲೆ ಲಸಿಕೆಯ ಡಬ್ಬಿ, ಪಕ್ಕದಲ್ಲಿ ನನ್ನ ಬುತ್ತಿ. ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ. ಗಾಡಿಯ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ನಮ್ಮ ಮೇಲೆ.

ಆಲ್ಬರ್ಟರು ಭಾಲ್ಕಿಯಲ್ಲಿ ಇಪ್ಪತ್ತಾರು ವರ್ಷ ಮಾಸ್ತರಿಕೆ ಮಾಡಿ ರಿಟೈರ್ ಆದವರು. ಕಳೆದ ಡಿಸೆಂಬರಿನಲ್ಲಿ, ಕ್ಯಾರಲ್ ಹಾಡುವವರು ಮನೆಗೆ ಬರುವ ಮೊದಲು ಅಂಗಳಕ್ಕೆ ಟೈಲ್ಸ್ ಹಾಕಿಸಿದರು. ಅಂಗಳದ ಮೂಲೆಯಲ್ಲಿ ಒಂದು ತುಕ್ಕು ಹಿಡಿದ ಪೈಪಿತ್ತು, ಅದರ ಸುತ್ತ ನಾಲ್ಕು ಇಟ್ಟಿಗೆ. ಅದು ಮನೆಯ ಅರ್ಥಿಂಗ್ ಗುಂಡಿ. ನಮ್ಮ ಅತ್ತೆ ಬದುಕಿರುವ ತನಕ ದಿನಾ ಅಕ್ಕಿ ತೊಳೆದ ನೀರನ್ನು ಅದರಲ್ಲೇ ಸುರಿಯುತ್ತಿದ್ದರು. ಯಾಕೆ ಅಂದರೆ, "ಲೈನ್‌ಮನ್ ಹೇಳ್ಯಾನ, ಈ ಗುಂಡಿ ಒಣಗಬಾರ್ದಂತ" ಅನ್ನುತ್ತಿದ್ದರು. ಅತ್ತೆ ಹೋದರು, ನೀರೂ ನಿಂತಿತು. ಟೈಲ್ಸ್ ಹಾಕುವ ಗೌಂಡಿ ಪಾಪ ಕೇಳಿದ.

"ಸರ್, ಈ ಪೈಪ್ ಏನ್ ಮಾಡ್ಲಿ?"

"ಶೋಭಾ ಕೆಡ್ತದ. ಮುಚ್ಚಿ ಬಿಡು" ಅಂದರು ನಮ್ಮ ಮಾಸ್ತರರು.

ಮುಚ್ಚಿತು. ಮೇಲೆ ಬಿಳಿ ಟೈಲ್ಸ್, ಅದರ ಮೇಲೆ ಹೊಸ ಕಾಯದೆ: ಅಂಗಳದಲ್ಲಿ ಯಾರೂ ಚಪ್ಪಲಿ ಹಾಕಬಾರದು. ಈ ಕಾಯದೆಯನ್ನು ನೆನಪಿಟ್ಟುಕೊಳ್ಳಿ.

ಏಪ್ರಿಲ್ ಬಂತು. ನಮ್ಮ ಬೀದರದ ಕೆಂಪು ಕಲ್ಲಿನ ನೆಲ ಬೇಸಿಗೆಯಲ್ಲಿ ರೊಟ್ಟಿ ಹಂಚಿನ ಹಾಗೆ ಒಣಗುತ್ತದೆ. ಒಂದು ಬುಧವಾರ ಸಂಜೆ ಪ್ಲಗ್ ಹಾಕಿದರೆ ಚಾರ್ಜರಿನಲ್ಲಿ ಹಸಿರು ದೀಪ ಬರಲಿಲ್ಲ, ಕೆಂಪು ಬಂತು. ತೆಗೆದು ಹಾಕಿದೆ, ಮತ್ತೆ ಕೆಂಪು. ಗಾಡಿ ಕೊಟ್ಟವರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ನೆಟ್ಟಗೇ ಹೇಳಿದಳು, "ಮೇಡಂ, ನಿಮ್ಮ ಮನೆ ಅರ್ಥಿಂಗ್ ಸರಿ ಇಲ್ಲ, ಮೊದಲು ಚೆಕ್ ಮಾಡಿಸಿ."

ಆಲ್ಬರ್ಟರು ಫೋನ್ ಕಸಿದುಕೊಂಡು ಇಟ್ಟರು. "ಹಾಂ, ಗಾಡಿ ಅವರದು ಕೆಟ್ಟದ, ಹೆಸರು ನಮ್ಮ ಮನಿದು! ಟಿವಿ ನಡೀತದ, ಫ್ರಿಜ್ ನಡೀತದ, ಇದಕ್ಕೊಂದೇ ಏನ್ ರೋಗ ಬಂದದ?"

ಅವತ್ತು ಭಾಲ್ಕಿಯ ಕುಣಾಲ ಬೀದರದಲ್ಲೇ ಇದ್ದ. ಮದುವೆ ಪೆಂಡಾಲಿಗೆ ಸೀರಿಯಲ್ ಲೈಟ್ ಹಾಕುವವನು, ಆಲ್ಬರ್ಟರ ಹಳೆಯ ಶಿಷ್ಯ. "ಸರ್ ಕರದ್ರ ನಾ ಬರ್ಲಾರ್ದೆ ಇರ್ತೇನಾ" ಅಂತ ಓಡಿ ಬಂದ. ಸಾಕೆಟ್ ಬಿಚ್ಚಿದ, ಗೇಣುದ್ದ ವೈರು ಒಳಗೆ ತುರುಕಿದ, ಸ್ಕ್ರೂ ಬಿಗಿದ. ಎರಡು ನಿಮಿಷ. ಹಸಿರು ದೀಪ.

"ಏನ್ ಮಾಡಿದ್ಯೋ?" ಅಂದೆ.

"ಜರಾ ಜುಗಾಡ್ ಮಾಡೀನ್ರಿ ಮೇಡಂ. ಫಿಕರ್ ಮಾಡಬ್ಯಾಡ್ರಿ. ಭಾಲ್ಕ್ಯಾಗ ಎಲ್ಲಾರ ಮನ್ಯಾಗ ಹಿಂಗೇ ಮಾಡ್ತೇನಿ."

ಕೇಳಿ, ನನಗೆ ಸಿಟ್ಟು ಬರುವುದು ಇಲ್ಲಿಯೇ. ನನ್ನ ಆರೋಗ್ಯ ಕೇಂದ್ರದಲ್ಲಿ ಯಾರಾದರೂ ಇಂಜೆಕ್ಷನ್ ಸೂಜಿಗೆ "ಜರಾ ಜುಗಾಡ್ ಮಾಡೀನಿ" ಅಂದರೆ ಅವನ ಕೆನ್ನೆ ನಾನು ಬಿಡುವವಳಲ್ಲ. ಆದರೆ ಅವತ್ತು ನಾನೇನು ಅಂದೆ? "ನಾಳೆ ಗುರುವಾರ, ಲಸಿಕೆ ದಿನ. ಹ್ಯಾಂಗರ ಮಾಡು, ಗಾಡಿ ನಡದ್ರ ಸಾಕು" ಅಂದೆ. ಅವನಿಗೆ ಚಹಾ ಮಾಡಿಕೊಟ್ಟವಳೂ ನಾನೇ.

ಏಪ್ರಿಲ್ ಹೋಯಿತು, ಮೇ ಹೋಯಿತು, ಏನೂ ಆಗಲಿಲ್ಲ.

ಜೂನ್ ಎರಡನೇ ವಾರ ಬೆಳಿಗ್ಗೆ ಏಳು ಗಂಟೆ. ಗಾಳಿ ಬೀಸಿ ಮಳೆ ಹನಿಯುತ್ತಿತ್ತು. ಗಾಡಿ ಅಂಗಳದಲ್ಲಿ, ಪ್ಲಗ್ ಹಾಕಿದ ಹಾಗೇ ಇತ್ತು. ಪಟ್ಟನೆ ಕರೆಂಟು ಹೋಯಿತು. ಪಕ್ಕದ ಮನೆಯಲ್ಲಿ ಮಿಕ್ಸಿ ಗರಗರ ತಿರುಗುವುದು ಕೇಳುತ್ತಲೇ ಇತ್ತು, ಆದರೂ ನನ್ನ ತಲೆ ಓಡಲಿಲ್ಲ. ಏಂಜೆಲಳ ಶಾಲೆಯ ಚೀಲ ಗಾಡಿಯಲ್ಲೇ ಉಳಿದಿತ್ತು.

"ಹೋಗವ್ವಾ, ಚೀಲ ತಗೊಂಡ್ ಬಾ. ಕರೆಂಟ್ ಹೋಗ್ಯದ, ಏನೂ ಆಗಂಗಿಲ್ಲ" ಅಂದೆ. ನಾನೇ ಅಂದೆ.

ಏಂಜೆಲಳಿಗೆ ಏಳು ವರ್ಷ. ಹಿಂದಿನ ದಿನವಷ್ಟೇ ಹೊಸ ಚಪ್ಪಲಿ ತಂದಿದ್ದೆವು. ಬಿಚ್ಚಲು ಮನಸ್ಸಿಲ್ಲದೆ ಅವನ್ನೇ ಹಾಕಿಕೊಂಡು ಅಂಗಳಕ್ಕಿಳಿದಳು. ಆಲ್ಬರ್ಟರು ಒಳಗಿನಿಂದ ಕೂಗಿದರು, "ಏ ಚಪ್ಪಲ್ ಬಿಡು! ಟೈಲ್ಸ್ ಹೊಲಸ ಆಗ್ತದ!" ಅವಳು ಕೇಳಲಿಲ್ಲ. ಗಾಡಿಯ ಬಾಗಿಲು ತೆಗೆದು ಒಳಗಿನ ಕಬ್ಬಿಣದ ಕೊಂಡಿಗೆ ಕೈ ಹಚ್ಚಿದಳು. ಒಂದು ಸಲ ಕಿರುಚಿದಳು. ಹಿಂದಕ್ಕೆ ಹಾರಿ ಬಿದ್ದಳು.

ನಾನು ಓಡಿ ಹೋಗಿ ಮಗುವನ್ನು ಎಳೆದುಕೊಂಡೆ. ನಾಡಿ ನೋಡಿದೆ. ಇತ್ತು. ಉಸಿರಿತ್ತು. ಅಂಗೈ ಕೆಂಪಾಗಿತ್ತು, ತುಟಿ ನಡುಗುತ್ತಿತ್ತು, ಮಾತಿರಲಿಲ್ಲ. ಆಲ್ಬರ್ಟರು ಬರಿಗಾಲಲ್ಲಿ ಗಾಡಿಯ ಕಡೆ ಓಡಿದರು.

"ಅಂಕಲ್, ಮುಟ್ಟಬ್ಯಾಡ್ರಿ! ಹಿಂದ ಸರೀರಿ!" ಗೋಡೆಯ ಆ ಕಡೆಯಿಂದ ಕೂಗಿದವಳು ಅಂಬರೀನ. ಪಕ್ಕದ ಮನೆಯ ಶಾಕಿರಾ ಬೇಗಂ ಅವರ ಮಗಳು. ಐಟಿಐಯಲ್ಲಿ ಎಲೆಕ್ಟ್ರಿಕಲ್ ಕಲಿಸುತ್ತಾಳೆ.

"ಕರೆಂಟೇ ಇಲ್ಲಲ್ಲವಾ!" ಅಂದರು ಆಲ್ಬರ್ಟರು.

"ನಮ್ಮ ಮನ್ಯಾಗ ಅದರಿ! ನಿಮ್ಮೊಬ್ಬರದೇ ಹೋಗ್ಯದ. ಹಿಂದ ಸರೀರಿ ಅಂದ್ರ ಸರೀರಿ!"

ಶೂ ಹಾಕಿಕೊಂಡು ಬಂದಳು. ಟೆಸ್ಟರ್ ತೆಗೆದು ಗಾಡಿಯ ಕೊಂಡಿಗೆ ಹಿಡಿದಳು. ಟೆಸ್ಟರಿನ ದೀಪ ಹೊತ್ತಿತು. ಮನೆಯಲ್ಲಿ ಒಂದು ಬಲ್ಬಿಲ್ಲ, ಫ್ಯಾನಿಲ್ಲ, ಗಾಡಿಯ ಮೈಯಲ್ಲಿ ಮಾತ್ರ ಕರೆಂಟು. ಅಂಬರೀನ ಮೀಟರಿನ ಹತ್ತಿರ ಓಡಿ ಮೇನ್ ಸ್ವಿಚ್ ಇಳಿಸಿದಳು.

ಏಂಜೆಲಳನ್ನು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ನೋಡಿದರು. ದೇವರ ದಯೆ, ಹೃದಯಕ್ಕೆ ಏನೂ ಆಗಿರಲಿಲ್ಲ. ಅವಳನ್ನು ಕರೆದುಕೊಂಡು ಮನೆಗೆ ಬಂದರೆ ಓಣಿಯ ಜನ ಅಂಗಳದಲ್ಲಿ ನೆರೆದಿದ್ದರು. ಎಲ್ಲರೂ ಬೈಯುತ್ತಿದ್ದುದು ಗಾಡಿಗೆ.

"ಇದನ್ನ ನಾಳೇನೇ ಮಾರ್ತೇನಿ" ಅಂದರು ಆಲ್ಬರ್ಟರು. "ಬ್ಯಾಟರಿ ಗಾಡಿ ಮನ್ಯಾಗ ಹಾವು ಸಾಕ್ದಂಗ."

ಅಂಬರೀನ ಸಾಕೆಟ್ ಬಿಚ್ಚಿ ಆ ಗೇಣುದ್ದ ವೈರನ್ನು ಹೊರಗೆಳೆದು ಅವರ ಕೈಯಲ್ಲಿಟ್ಟಳು.

"ಅಂಕಲ್, ಹಾವು ಇದು. ಕೇಳ್ರಿ. ಮನಿಗಿ ಕರೆಂಟ್ ಒಂದು ವೈರಿನಾಗ ಬರ್ತದ, ಇನ್ನೊಂದರಾಗ ವಾಪಸ್ ಹೋಗ್ತದ. ಮೂರನೇದು ಅರ್ಥಿಂಗ್. ಎಲ್ಲಿಯರ ಕರೆಂಟ್ ಸೋರಿದ್ರ ಅದನ್ನ ಮನಷ್ಯಾನ ಮೈ ಬಿಟ್ಟು ನೆಲಕ್ಕ ಒಯ್ಯೋದು ಅದರ ಕೆಲಸ. ನಿಮ್ಮ ಅರ್ಥಿಂಗ್ ಸತ್ತಿತ್ತು. ಅದಕ್ಕೇ ಚಾರ್ಜರ್ ಕೆಂಪು ದೀಪ ಹಚ್ಚಿ ನಾ ನಡ್ಯಂಗಿಲ್ಲ ಅಂತು. ಕುಣಾಲ ಏನ್ ಮಾಡ್ಯಾನ, ವಾಪಸ್ ಹೋಗೋ ವೈರಿಗೇ ಅರ್ಥಿಂಗ್ ಗಂಟು ಹಾಕ್ಯಾನ. ಚಾರ್ಜರ್ ಮೋಸ ಹೋಯ್ತು. ನಿನ್ನಿ ಗಾಳಿಗಿ ಕಂಬದ ಮ್ಯಾಲಿನ ವಾಪಸ್ ವೈರ್ ಕಡೀತು. ಬಂದ ಕರೆಂಟಿಗಿ ಹೋಗ್ಲಿಕ್ಕಿ ದಾರಿ ಇಲ್ಲ. ಆ ಗಂಟಿನಾಗ ಹಾದು ಸೀದಾ ಗಾಡಿ ಮೈಗಿ ಬಂತು."

"ಗಾಡಿ ಛೊಲೊ ಇದ್ರ ಹಿಂಗ್ಯಾಕ ಆಗ್ತಿತ್ತವಾ?"

"ಗಾಡಿ ಖರೇನೇ ಹೇಳ್ತು ಅಂಕಲ್. ನೀವು ಅದರ ಬಾಯಿ ಮುಚ್ಚಿದ್ರಿ."

ನಾನು ಥರ್ಮಾಮೀಟರ್ ನೋಡಿ ಬದುಕಿದವಳು. ಜ್ವರ ತೋರಿಸಿತೆಂದು ಥರ್ಮಾಮೀಟರ್ ಒಡೆದವರನ್ನು ಕಂಡಿರಲಿಲ್ಲ. ಈಗ ಕಂಡೆ, ನನ್ನ ಮನೆಯಲ್ಲೇ. ಆಲ್ಬರ್ಟರು ಇನ್ನೂ ಗಾಡಿಯನ್ನೇ ದುರುಗುಟ್ಟಿ ನೋಡುತ್ತಿದ್ದರು. ನನ್ನ ತಾಳ್ಮೆ ಮುಗಿಯಿತು.

"ಕುಣೀಲಿಕ್ಕಿ ಬರ್ಲಾರ್ದಾಕಿ ಅಂಗಳ ಡೊಂಕು ಅಂದ್ಳಂತ! ಆ ಹುಡುಗಿ ನಿಮ್ಮ ಮಾತು ಕೇಳಿ ಚಪ್ಪಲ್ ಬಿಟ್ಟಿದ್ರ ಈಗ ಏನ್ ಇರ್ತಿತ್ರಿ ಈ ಅಂಗಳದಾಗ? ಹೇಳ್ರಿ! ನಿಮ್ಮ ಶೋಭಾದ ಟೈಲ್ಸ್ ಮ್ಯಾಲ ಏನ್ ಮಲಗಿಸ್ತಿದ್ವಿ?"

ನಾನು ಒಳಗೆ ಹೋಗಿ ಹಾರೆ ತಂದೆ. ಮೂಲೆಯ ಟೈಲ್ಸಿನ ಮೇಲೆ ಎತ್ತಿ ಹಾಕಿದೆ. ಒಡೆಯಲಿಲ್ಲ. ಇನ್ನೊಮ್ಮೆ ಹಾಕಿದೆ, ಸೀಳಿತು. ಮೂರನೇ ಏಟಿಗೆ ಆಲ್ಬರ್ಟರು ನನ್ನ ಕೈಯಿಂದ ಹಾರೆ ತೆಗೆದುಕೊಂಡರು. "ನಾ ಮುಚ್ಚಿದ್ದು, ನಾನೇ ತೆಗೀತೇನಿ" ಅಂದರು. ಅಳುತ್ತಲೇ ಒಡೆದರು. ಅತ್ತೆಯ ಪೈಪು ಹೊರಬಿತ್ತು. ಮುಟ್ಟಿದರೆ ಪುಡಿಯಾಗಿ ಉದುರಿತು.

ಮರುದಿನ ಲೈನ್‌ಮನ್ ಬಂದು ಕಂಬದ ವೈರು ಸರಿ ಮಾಡಿದ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಹೊಸ ಅರ್ಥಿಂಗ್ ಗುಂಡಿ ತೋಡಿ, ಅಳೆಯುವ ಯಂತ್ರ ಹಚ್ಚಿ ತೋರಿಸಿದ. ಗಾಡಿಗೆಂದೇ ಮೀಟರಿನಿಂದ ಬೇರೆ ದಪ್ಪ ವೈರು, ಬೇರೆ ಸಾಕೆಟ್, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು, ಎಲ್ಲ ಹಾಕಿದ. ಪ್ಲಗ್ ಹಾಕಿದೆ. ಹಸಿರು ಬಂತು. ಈ ಸಲದ ಹಸಿರನ್ನೂ ನಾನು ನಂಬಲಿಲ್ಲ. ಅಂಬರೀನ ಟೆಸ್ಟರ್ ಹಿಡಿದು ತೋರಿಸಿದ ಮೇಲೇ ನಂಬಿದೆ.

ಆಮೇಲೆ ಅದೇ ಗಾಡಿ ತೆಗೆದುಕೊಂಡು ಭಾಲ್ಕಿಗೆ ಹೋದೆ. ಪಕ್ಕದಲ್ಲಿ ಅಂಬರೀನ. ಕುಣಾಲ ಅಂಗಡಿಯ ಮುಂದೆ ಸೀರಿಯಲ್ ಲೈಟ್ ಬಿಡಿಸುತ್ತ ಕೂತಿದ್ದ. ನಾನು ಬೈದ ಬೈಗುಳ ಇಲ್ಲಿ ಬರೆದರೆ ಈ ಕರಪತ್ರ ಯಾರೂ ಅಚ್ಚು ಹಾಕುವುದಿಲ್ಲ. ಬೈದು ಮುಗಿದ ಮೇಲೆ ಕೇಳಿದೆ, "ಎಷ್ಟ್ ಮನ್ಯಾಗ ಮಾಡೀದಿ?"

ಅವನು ಕೈಯಲ್ಲಿದ್ದ ಲೈಟಿನ ಸರ ಕೆಳಗಿಟ್ಟ. "ನಂಗ ಗೊತ್ತಿರಲಿಲ್ರಿ ಮೇಡಂ. ದೀಪ ಹತ್ತಿದ್ರ ಕೆಲಸ ಆಯ್ತು ಅಂದ್ಕೊಂಡಿದ್ದೆ." ಬೆರಳು ಮಡಚಿ ಎಣಿಸಿದ. "ಒಂಬತ್ತು. ಮೂರು ಕಾರು, ಆರು ಸ್ಕೂಟರ್."

"ಎದ್ದೇಳು, ಗಾಡ್ಯಾಗ ಕೂಡು. ತೋರ್ಸು."

ಒಂಬತ್ತು ಮನೆಗೂ ಹೋದೆವು. ಕುಣಾಲ ತಾನೇ ಬಾಗಿಲು ತಟ್ಟಿ, ತಾನೇ ತಪ್ಪು ಹೇಳಿದ. ಐದು ಮನೆಯವರು ಅಲ್ಲಿಯೇ ಸಾಕೆಟ್ ಬಿಚ್ಚಿಸಿದರು. ನಾಲ್ಕು ಮನೆಯವರು ಬಾಗಿಲಲ್ಲೇ ನಿಂತು ನಕ್ಕರು. "ಇಷ್ಟ್ ದಿನ ಏನೂ ಆಗಿಲ್ರಿ ಸಿಸ್ಟರ್. ಸುಮ್ನೆ ಯಾಕ ಅಂಜಸ್ತೀರಿ?" ಅಂದರು. ಅದರಲ್ಲಿ ಒಂದು ಮನೆಯ ಅಂಗಳದಲ್ಲಿ ಒಂದು ಸಣ್ಣ ಹುಡುಗಿ ಸ್ಕೂಟರಿಗೆ ಒರಗಿಕೊಂಡು ಬರಿಗಾಲಲ್ಲಿ ನಿಂತಿದ್ದಳು.

ಈ ಕರಪತ್ರ ಆ ನಾಲ್ಕು ಮನೆಗಳಿಗಾಗಿ. ನಿಮ್ಮ ಮನೆಯೂ ಅಂಥದ್ದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದಕ್ಕೇ ಹೇಳುತ್ತೇನೆ. ಬ್ಯಾಟರಿ ಗಾಡಿ ತರುವುದಾದರೆ ಧಾರಾಳವಾಗಿ ತನ್ನಿ, ನಾನು ಇವತ್ತೂ ಅದರಲ್ಲೇ ಔರಾದಿಗೆ ಹೋಗಿ ಬಂದಿದ್ದೇನೆ. ಆದರೆ ಗಾಡಿಗಿಂತ ಮೊದಲು ಅರ್ಥಿಂಗ್ ಅಳತೆ ಮಾಡಿಸಿ. ಗುಂಡಿಯನ್ನು ಟೈಲ್ಸ್ ಹಾಕಿ ಮುಚ್ಚಬೇಡಿ, ಬೇಸಿಗೆಯಲ್ಲಿ ನೀರು ಹಾಕಿ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಎಳೆಯಬೇಡಿ. ಕೆಂಪು ದೀಪ ಬಂದರೆ ಬಸ್ಸಿಗೆ ಹೋಗಿ, ಒಂದು ದಿನ ರಜೆ ಹಾಕಿ, ಜುಗಾಡ್ ಮಾತ್ರ ಮಾಡಿಸಬೇಡಿ. "ಇಷ್ಟು ದಿನ ಏನೂ ಆಗಿಲ್ಲ" ಅನ್ನಬೇಡಿ. ಏಪ್ರಿಲಿನಿಂದ ಜೂನ್ ತನಕ ನಾನೂ ದಿನಾ ಅದನ್ನೇ ಅಂದುಕೊಂಡು ಪ್ಲಗ್ ಹಾಕಿದ್ದೆ.

ನಮ್ಮ ಏಂಜೆಲ ಈಗ ದಿನಾ ಅಕ್ಕಿ ತೊಳೆದ ನೀರನ್ನು ಹೊಸ ಗುಂಡಿಗೆ ಸುರಿಯುತ್ತಾಳೆ, ಚಪ್ಪಲಿ ಹಾಕಿಕೊಂಡು. ಅಜ್ಜ ಈಗ ಬೇಡ ಅನ್ನುವುದಿಲ್ಲ. ಓದಿದ್ದು ಸಾಕು, ಈಗ ಏಳಿ. ಅಂಗಳಕ್ಕೆ ಹೋಗಿ ನಿಮ್ಮ ಗುಂಡಿ ಎಲ್ಲಿದೆ ನೋಡಿ.