ಒಂಟಿಯಾದರೆ ನಾನೂರ ತೊಂಬತ್ತೇಳು

ನೀಲಿ ಜ್ವಾಲೆಗೆ ಹಿಡಿದ ಚಾಕುವಿನ ತುದಿಯಲ್ಲಿ ಗುಲಾಬಿ ಮೇಣ ಕರಗಿ ಹನಿಯಾಗಿ ಜೋತುಬಿದ್ದಿದೆ, ಬೀಳಲೋ ಬೇಡವೋ ಎನ್ನುತ್ತಿದೆ, ನಾನೂರ ಎಂಬತ್ತೆರಡು, ಎಷ್ಟು ಸಲ ಕೂಡಿದರೂ ಅಷ್ಟೇ, ಹನಿ ಅಚ್ಚಿನ ಅಂಚಿಗೆ ಬೀಳುತ್ತದೆ, ಅವಳು ಅದನ್ನು ಒಸಡಿನ ಆಕಾರಕ್ಕೆ ಒತ್ತುತ್ತಾಳೆ, ಯಾವುದೋ ಅಜ್ಜಿಯ ಕೆಳದವಡೆ, ಹದಿನಾಲ್ಕು ಹಲ್ಲು, ನಾಳೆಯೊಳಗೆ ಡಾಕ್ಟರ ಕೈಸೇರಬೇಕು — ವಯಸ್ಸಿಗೆ ಇಷ್ಟು ಅಂಕ, ಓದಿಗೆ ಇಷ್ಟು, ಊರಲ್ಲಿ ಒಂಬತ್ತು ವರ್ಷ ಹಲ್ಲುಸೆಟ್ಟು ಮಾಡಿದ್ದಕ್ಕೆ ಇಷ್ಟು, ಈ ದೇಶಕ್ಕೆ ಬಂದು ನಾಲ್ಕು ವರ್ಷ ಮಾಡಿದ್ದಕ್ಕೆ ಇನ್ನಷ್ಟು, ಅವಳ ಭಾಷಾ ಪರೀಕ್ಷೆಗೆ ಇಷ್ಟು, ಮತ್ತೆ ಅದೇ ನಾನೂರ ಎಂಬತ್ತೆರಡು, ಕಾಯಂ ವಾಸಕ್ಕೆ ಸರ್ಕಾರ ಕಳೆದ ಸಲ ಕರೆದದ್ದು ಕಡಿಮೆಯೆಂದರೆ ನಾನೂರ ತೊಂಬತ್ತೊಂದು ಅಂಕ ಇದ್ದವರನ್ನು ಮಾತ್ರ. ಒಂಬತ್ತು ಕಮ್ಮಿ. ಹತ್ತೊಂಬತ್ತನೇ ತಾರೀಖು ಅವಳಿಗೆ ನಲವತ್ತು ತುಂಬುತ್ತದೆ, ಅವತ್ತು ವಯಸ್ಸಿನ ಲೆಕ್ಕದಲ್ಲಿ ಇನ್ನೂ ಹತ್ತು ಹೋಗುತ್ತದೆ, ಹದಿನೆಂಟರ ಸಂಜೆ ಬಲ್ಲ ಕೆಲಸವನ್ನು ಹತ್ತೊಂಬತ್ತರ ಬೆಳಗ್ಗೆ ಈ ಕೈ ಅಷ್ಟೊಂದು ಮರೆತುಬಿಡುತ್ತದೆಯೇ, ಇನ್ನು ನಾಲ್ಕು ತಿಂಗಳಿಗೆ ಕೆಲಸದ ಪರ್ಮಿಟ್ ಮುಗಿಯುತ್ತದೆ, ಮಗಳಿಗೆ ಇನ್ನೂ ಹೇಳಿಲ್ಲ, ಅವಳು ನಿದ್ದೆಗಣ್ಣಿನಲ್ಲಿ ಬಡಬಡಿಸುವುದೂ ಇಲ್ಲಿನ ಭಾಷೆಯಲ್ಲೇ, ಅಮ್ಮ ನೀನು ಆ ಪದ ತಪ್ಪು ಹೇಳ್ತೀಯ ಎಂದು ನಗುವ ಎಂಟು ವರ್ಷದ ಹುಡುಗಿ, ಹೊರಡು ಎಂದರೆ ಎಲ್ಲಿಗೆ ಎಂದು ಕೇಳುವಳು.

ಗಂಡ ಇವತ್ತು ಪರೀಕ್ಷೆಯಲ್ಲಿ ಬಾಯಿಬಿಟ್ಟು ಮಾತಾಡಿದರೆ ಹನ್ನೆರಡು ಸಿಗುತ್ತದೆ. ಗಂಡನ ಭಾಷೆಗೆ ಹನ್ನೆರಡು, ನಾನೂರ ತೊಂಬತ್ನಾಲ್ಕು, ದಡ ಸೇರಿದ ಹಾಗೆ — ಹನ್ನೊಂದು ನಿಮಿಷ ಒಬ್ಬ ಅಪರಿಚಿತಳ ಎದುರು ಕೂತು ಮಾತಾಡಬೇಕು ಅಷ್ಟೇ, ಆದರೆ ಅವನಿಗೆ ಅಪರಿಚಿತರೆಂದರೆ ಗಂಟಲಿಗೆ ಬೀಗ, ಅಂಗಡಿಯವನ ಎದುರೂ ಉಗ್ಗುತ್ತಾನೆ, ಮನೆಮನೆಗೆ ಹೋಗಿ ಅಡುಗೆಮನೆಯ ಕಪಾಟು ಕೂರಿಸುವವನು, ಬಾಗಿಲು ತೆಗೆದವರಿಗೆ ತಾನು ಯಾರೆಂದು ಹೇಳುವಷ್ಟರಲ್ಲಿ ಬೆವರುತ್ತಾನೆ. ಅವಳು ಕೆಲಸ ಕಲಿಯುತ್ತಿದ್ದ ಲ್ಯಾಬಿಗೂ ಹಾಗೆಯೇ ಬಂದಿದ್ದ, ಗೋಡೆಗೆ ಶೆಲ್ಫು ಹೊಡೆಯಲು, ಅವನು ಒಂದು ಮಾತು ಶುರುಮಾಡಿದರೆ ಉಳಿದದ್ದನ್ನು ಎಲ್ಲರೂ ತಾವೇ ಹೇಳಿ ಮುಗಿಸುತ್ತಿದ್ದರು, ಅವಳೊಬ್ಬಳು ಸುಮ್ಮನೆ ಕಾದಳು, ಆಮೇಲೆ ಅವನು ಹೇಳಿದ, ನಿಮ್ಮ ಹತ್ರ ಮಾತ್ರ ಸಲೀಸಾಗಿ ಬರುತ್ತೆ, ಯಾಕೋ ಗೊತ್ತಿಲ್ಲ. ಹದಿಮೂರು ವರ್ಷ ಹಾಗೇ ಬಂದಿದೆ, ಅವಳ ಹತ್ತಿರ ಒಂದೇ ಒಂದು ಅಕ್ಷರ ತಡೆದಿಲ್ಲ, ಜಗಳದಲ್ಲೂ ನೀರಿನಂತೆ ಬರುತ್ತದೆ, ಅದಕ್ಕೆ ಯಾವ ಖಾನೆಯಲ್ಲೂ ಅಂಕವಿಲ್ಲ. ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಅಂಕ ಲೆಕ್ಕಹಾಕುವ ಪುಟ ತೆರೆದು, ಸುಮ್ಮನೆ, ನಿಜವಾಗಿಯೂ ಸುಮ್ಮನೆ, ಸಂಗಾತಿ ಇದ್ದಾರೆಯೇ ಎಂಬಲ್ಲಿ ಇಲ್ಲ ಎಂದು ಒತ್ತಿದ್ದಳು, ಒತ್ತಿದ್ದೇ ತಡ ಸಂಖ್ಯೆ ನಾನೂರ ತೊಂಬತ್ತೇಳಕ್ಕೆ ಜಿಗಿಯಿತು, ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಂತೆ ಹಗುರಾಯಿತು — ಅದನ್ನು ಹೇಗೆ ಅಲ್ಲವೆನ್ನುವುದು, ಹಗುರಾಗಿತ್ತು, ಒಂದು ಗಳಿಗೆ ನಕ್ಕಿದ್ದಳು ಕೂಡ, ಅಷ್ಟರಲ್ಲಿ ಮಗಳು ಕಾಲುಚೀಲ ಸಿಗುತ್ತಿಲ್ಲವೆಂದು ಕೂಗಿದಳು, ಎದ್ದು ಹೋದಳು, ಕಾಲುಚೀಲ ಸಿಕ್ಕಿತು, ಬಸ್ಸು ಬಂತು, ಲ್ಯಾಪ್‌ಟಾಪ್ — ಮುಚ್ಚಿದ್ದಳೇ? ಮುಚ್ಚಿದ್ದಳು. ಮುಚ್ಚಿರಬೇಕು.

ಮೇಜಿನ ಮೇಲೆ ಫೋನು ಗುಯ್ಗುಡುತ್ತಿದೆ, ಅವನೇ, ಹನ್ನೆರಡೂವರೆ, ಉರಿ ಆರಿಸಿ ಪ್ಲಾಸ್ಟರು ಮೆತ್ತಿದ ಬೆರಳಲ್ಲೇ ಎತ್ತಿಕೊಳ್ಳುತ್ತಾಳೆ, ಆಯ್ತಾ ರೀ. ಆಯ್ತು. ಹೇಗಾಯ್ತು. ಆಗ್ಲಿಲ್ಲ ಕಣೆ, ನಗುತ್ತಾನೆ, ನಿಮ್ಮ ಬದುಕಿನಲ್ಲಿ ನಿಮಗೆ ತುಂಬಾ ನೆರವಾದವರ ಬಗ್ಗೆ ಹೇಳಿ ಎಂದು ಪರೀಕ್ಷೆಯಾಕೆ ಕೇಳಿದಳಂತೆ, ನನ್ನ ಹೆಂಡತಿ ಎಂದು ಶುರುಮಾಡಲು ಹೋದನಂತೆ, ಅವರ ಭಾಷೆಯಲ್ಲಿ ಅದು ಎಷ್ಟು ಚಿಕ್ಕ ಪದ, ಅಷ್ಟೂ ಬರಲಿಲ್ಲ, ಗಡಿಯಾರ ಓಡುತ್ತಿತ್ತು, ಪಾಪ ಆಕೆ ಒಳ್ಳೆಯವಳು, ನೀರು ಕೊಟ್ಟಳು. ಅವಳಿಗೆ ಕಾಣುತ್ತದೆ, ತೆರೆದು ನಿಂತ ಆ ಬಾಯಿ, ಇರಲಿ ಬಿಡಿ, ಇನ್ನೊಂದು ಸಲ ಬರೆದರಾಯಿತು ಎನ್ನುತ್ತಾಳೆ, ಹತ್ತೊಂಬತ್ತರೊಳಗೆ ಇನ್ನೊಂದು ಸಲವಿಲ್ಲ, ಅದು ಇಬ್ಬರಿಗೂ ಗೊತ್ತು. ಆ ಕಡೆ ವಾಹನಗಳ ಸದ್ದು, ಎಲ್ಲೋ ರಸ್ತೆ ಬದಿಯಲ್ಲಿ ನಿಂತಿದ್ದಾನೆ, ಬೆಳಗ್ಗೆ ಪರೀಕ್ಷೆಯ ವಿಳಾಸ ನೋಡೋಣ ಅಂತ ಲ್ಯಾಪ್‌ಟಾಪ್ ಹತ್ರ ಹೋದೆ, ಅನ್ನುತ್ತಾನೆ, ತೆರೆದೇ ಇತ್ತು. ನಾನೂರ ತೊಂಬತ್ತೇಳು.

ನೋಡಿಕೊಂಡೇ ಹೋಗಿ ಆ ಕುರ್ಚಿಯಲ್ಲಿ ಕೂತಿದ್ದಾನೆ, ಹೆಂಡತಿ ಎನ್ನಲು ಬಾಯಿ ತೆರೆದಿದ್ದಾನೆ — ಸುಮ್ನೆ ನೋಡಿದ್ದು ಕಣ್ರೀ, ಸುಮ್ನೆ, ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸುತ್ತದೆ, ಗೊತ್ತು ಕಣೆ ಎನ್ನುತ್ತಾನೆ, ಸಿಟ್ಟಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು, ಗೊತ್ತು, ಆದ್ರೂ ಒಂದು ಮಾತು ಕೇಳ್ತೀನಿ, ಎನ್ನುತ್ತಾನೆ, ಕೇಳಿ ಎನ್ನುತ್ತಾಳೆ, ನ್ — ಎನ್ನುತ್ತಾನೆ, ವಾಹನಗಳು ಹೋಗುತ್ತವೆ, ನ್ — ನ್ —, ಅವಳ ಹತ್ತಿರ, ಹದಿಮೂರು ವರ್ಷದಲ್ಲಿ ಮೊದಲ ಸಲ, ನೀನು ಎನ್ನಲೋ ನಾನು ಎನ್ನಲೋ ನಿಜ ಎನ್ನಲೋ, ಬಾಯಿಗಳ ಒಳಗನ್ನು ಬಲ್ಲ ಅವಳಿಗೆ ಅದು ಎಲ್ಲಿ ಸಿಕ್ಕಿಕೊಂಡಿದೆಯೆಂದು ಗೊತ್ತು, ಮೇಲಿನ ಎರಡು ಮುಂಭಾಗದ ಹಲ್ಲು, ಅವುಗಳ ಹಿಂದೆ ಅಂಟಿಕೊಂಡ ನಾಲಗೆಯ ತುದಿ, ಬಿಡಿಸಿಕೊಳ್ಳದ ನಾಲಗೆಯ ತುದಿ, ಎರಡು ಹಲ್ಲು, ನಾಲಗೆಯ ತುದಿ —