ಉಗ್ಗಿನ ಪ್ರಾಕ್ಟಿಕಲ್

ಮೆಡಿಕಲ್ ಶಾಪಿನವನ ಕಣ್ಣು ಅವಳ ಬಾಯಿಂದ ಜಾರಿ ಭುಜಕ್ಕೆ ಬಂತು, ಭುಜದಿಂದ ಕೌಂಟರಿನ ಗಾಜಿಗೆ, ಗಾಜಿನಿಂದ ಎತ್ತಲೋ — ನೋಡು ಹೇಗೆ ತಪ್ಪಿಸಿಕೊಳ್ತಾನೆ, ಪುಸ್ತಕದಲ್ಲಿ ಬರೆದ ಹಾಗೇ ತಪ್ಪಿಸಿಕೊಳ್ತಾನೆ, ಇವನಿಗೂ ಯಾರೋ ನೋಟ್ಸ್ ಕೊಟ್ಟಿರಬೇಕು — ಅವಳು ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿಗೆ ಒತ್ತಿ, ಥರ್ಮಾಮೀಟರ್ ಅನ್ನೋ ಪದವನ್ನು ಹಲ್ಲಿನ ಹಿಂದೆಯೇ ನಿಲ್ಲಿಸಿಕೊಂಡು ಎಣಿಸುತ್ತಿದ್ದಾಳೆ, ಒಂದು, ಎರಡು, ಐದರ ತನಕ ಹಿಡಿಯಬೇಕು, ಮೊದಲೇ ಬಿಟ್ಟರೆ ಮಾರ್ಕ್ಸ್ ಕಟ್, ಕಣ್ಣು ತಗ್ಗಿಸಿದರೆ ಕಟ್, ನಕ್ಕರೆ ಪ್ರಾಕ್ಟಿಕಲ್ಲೇ ರದ್ದು, ಸ್ಪೀಚ್ ಪೆಥಾಲಜಿ ಡಿಗ್ರಿಯ ಮೂರನೇ ವರ್ಷದ ಘನಕಾರ್ಯ ಇದು, ಉಗ್ಗುವವರ ಮಾತು ತಿದ್ದಲು ಹೊರಟವರು ಒಂದು ದಿನ ತಾವೇ ಬೀದಿಗಿಳಿದು ಮೂರು ಅಪರಿಚಿತರ ಮುಂದೆ ಬೇಕಂತಲೇ ಉಗ್ಗಿ ಬರಬೇಕು, ಅವರ ಬಾಯಲ್ಲಿ, ಇದ್ದು ನೋಡಿ, ಒಂದು ದಿನ, ಎಂದಿದ್ದರು ಮೇಡಂ, ಎರಡು ಪದಕ್ಕೊಂದು ಸಲ ನಿಂತು ತಮ್ಮ ಮಾತಿನ ರುಚಿಯನ್ನು ತಾವೇ ನೋಡುವ ಮೇಡಂ, ಕ್ಲಾಸಿನವರೆಲ್ಲ ಅಲ್ಪವಿರಾಮ ಅಂತಲೇ ಕರೆಯೋದು, ಮೂರು, ನಾಲ್ಕು — ಅಷ್ಟರಲ್ಲಿ ಅಂಗಡಿಯವನಿಗೆ ತಡೆಯಲಾಗಲಿಲ್ಲ, ಗಂಟಲು ಹಿಡ್ಕೊಂಡಿದೆಯಾ, ಮಾತಾಡ್ಬೇಡಿ ಮಾತಾಡ್ಬೇಡಿ, ಎಂದು ಹಿಂದಿನ ಶೆಲ್ಫಿನಿಂದ ಒಂದು ಕೆಂಪು ಸಿರಪ್ ತೆಗೆದು ಟಕ್ ಅಂತ ಗಾಜಿನ ಮೇಲಿಟ್ಟ, ದಿನಕ್ಕೆ ಮೂರು ಸಲ, ಊಟ ಆದ್ಮೇಲೆ, ಬಿಸಿನೀರು ಕುಡೀರಿ. ಮಹಾನುಭಾವ. ಯಾರು ಬಾಯಿ ತೆರೆದರೂ ಇವನಿಗೆ ಸಿರಪ್ಪೇ ಕಾಣುತ್ತೆ. ಅವಳು ಹೇಳಬಹುದಿತ್ತು, ನಾಲಿಗೆಯನ್ನು ಹಲ್ಲಿನಿಂದ ಬಿಡಿಸಿದರೆ ಸಾಕಿತ್ತು, ಚರ್ಚಾಸ್ಪರ್ಧೆಯಲ್ಲಿ ಎದುರಿನವರನ್ನು ಅಳಿಸಿ ಬಂದ ನಾಲಿಗೆ ಅದು, ರೀ ಸ್ವಾಮಿ, ನಾನು ಕೇಳಿದ್ದು ಥರ್ಮಾಮೀಟರು, ಎಂದು ಗಂಟೆ ಹೊಡೆದ ಹಾಗೆ ಹೇಳಬಹುದಿತ್ತು. ಅವಳು ತಲೆಯಾಡಿಸಿದಳು. ಸಿರಪ್ ತಗೊಂಡು ಮೆಟ್ಟಿಲಿಳಿದಳು.

ಏನೇ ಇದು, ಐದು ಸೆಕೆಂಡೂ ಆಗ್ಲಿಲ್ಲ, ಎಂದಳು ಹಿಂದೆಯೇ ಬಂದ ಫಸ್ಟ್ ರ‍್ಯಾಂಕು, ಇವತ್ತು ಇವಳಿಗೆ ಗಂಟುಬಿದ್ದ ವೀಕ್ಷಕಿ, ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ಎದೆಗೆ ಅವಚಿಕೊಂಡ ರಟ್ಟು, ರಟ್ಟಿನ ಮೇಲೆ ಫಾರಂ, ಫಾರಮ್ಮಿನಲ್ಲಿ ನಾಲ್ಕು ಕಾಲಂ, ಕೇಳುಗರು ಕಣ್ಣು ತಪ್ಪಿಸಿದರು, ಕೇಳುಗರು ನಕ್ಕರು, ಕೇಳುಗರು ಮಾತು ಪೂರ್ತಿ ಮಾಡಿದರು, ಕೇಳುಗರು ಕಾದರು, ಕಾಲಮ್ಮಿಗೊಂದು ಬಣ್ಣದ ಪೆನ್ನು, ಈ ಹುಡುಗಿ ಸತ್ತ ಮೇಲೂ ಚಿತ್ರಗುಪ್ತನ ಪುಸ್ತಕಕ್ಕೆ ಮಾರ್ಜಿನ್ ಎಳೆದುಕೊಡ್ತಾಳೆ. ಮೊನ್ನೆ ತನ್ನ ಸರದಿ ಇದ್ದಾಗ ಸ್ವಂತ ಸೋದರತ್ತೆಯ ಹೊಲಿಗೆ ಅಂಗಡಿಗೆ ಹೋಗಿ, ಅತ್ತೆಗೆ ಮೊದಲೇ ಹೇಳಿಟ್ಟು, ಉಗ್ಗಿ ಬಂದು, ಅಪರಿಚಿತ ಮಹಿಳೆ, ವಯಸ್ಸು ಸುಮಾರು ಐವತ್ತು, ತಾಳ್ಮೆಯಿಂದ ಕಾದರು ಎಂದು ಹಸಿರು ಪೆನ್ನಿನಲ್ಲಿ ಬರೆದವಳು, ಅದನ್ನು ಅಲ್ಪವಿರಾಮ ಇಡೀ ಕ್ಲಾಸಿಗೆ ಓದಿ ಹೇಳಿದ್ದು ಬೇರೆ, ನೋಡಿ, ಸಮಾಜ, ಬದಲಾಗ್ತಿದೆ. ನೀನ್ಯಾಕೆ ಬೇಡ ಅನ್ಲಿಲ್ಲ, ಸಿರಪ್ ಯಾಕೆ ತಗೊಂಡೆ, ಅದನ್ನೂ ಬರೀಬೇಕಾ? ಬರ್ಕೋ, ಏನಾದ್ರೂ ಬರ್ಕೋ, ಎಂದಳು ಇವಳು, ಯಾಕೆಂದರೆ ಇವಳಿಗೇ ಗೊತ್ತಿಲ್ಲ ಯಾಕೆ ತಗೊಂಡೆ ಅಂತ, ಗೊತ್ತಿಲ್ಲ ಅನ್ನೋದೂ ಸುಳ್ಳು, ಅವನು ಮಾತಾಡ್ಬೇಡಿ ಅಂದನಲ್ಲ, ಆ ಕ್ಷಣ ಎದೆಯಲ್ಲಿ ಏನೋ ಹಗುರವಾಯಿತು, ಭಾರದ ಚೀಲವನ್ನು ಯಾರೋ ಕೈಯಿಂದ ಇಸ್ಕೊಂಡ ಹಾಗೆ, ಬೇಕಾದ್ದೋ ಬೇಡದ್ದೋ, ಮುಗೀತಲ್ಲ, ಎಲ್ಲರ ಕಣ್ಣು ನನ್ನ ಬಾಯಿಂದ ಹೋಯಿತಲ್ಲ, ಅಷ್ಟೇ ಸಾಕು ಅನ್ನಿಸಿಬಿಟ್ಟಿತು — ನಾಲ್ಕೂವರೆ ಸೆಕೆಂಡಿಗೆ ಇಷ್ಟು, ಅದೂ ಸುಳ್ಳು ಉಗ್ಗಿಗೆ, ಥೂ, ಇಷ್ಟು ಬೇಗ ಮಾರಿಕೊಂಡೆನಾ. ಗಂಟೆ ನಾಲ್ಕಾಗಿ ಹತ್ತು ನಿಮಿಷ. ಐದಕ್ಕೆ ಮಾವ ಬೀಗದ ಕೈ ತಗೊಳ್ಳೋಕೆ ನಮ್ಮ ಕನ್ನಡಕದ ಅಂಗಡಿಗೆ ಬರ್ತಾರೆ, ಅಣ್ಣ ಇಷ್ಟೊತ್ತಿಗೆ ಲೆನ್ಸುಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಮುಗಿಸಿರ್ತಾನೆ. ಈಗ ಅದು ಯಾಕೆ ನೆನಪಾಗಬೇಕು.

ಅಣ್ಣ, ಅಣ್ಣ, ಈ ಡಿಗ್ರಿಗೆ ಸೇರುವಾಗ ಇಂಟರ್‌ವ್ಯೂನಲ್ಲಿ ಯಾಕಮ್ಮ ಈ ಕೋರ್ಸು ಅಂದರೆ, ನಮ್ಮಣ್ಣ ಉಗ್ಗುತ್ತಾನೆ ಸರ್, ಎಂದು ತಕ್ಕ ಜಾಗದಲ್ಲಿ ದನಿ ನಡುಗಿಸಿದ್ದಳು, ಮೂವರು ಪರೀಕ್ಷಕರೂ ಪೆನ್ನು ಕೆಳಗಿಟ್ಟಿದ್ದರು, ಒಬ್ಬರಂತೂ ನೀರಿನ ಲೋಟ ಇತ್ತ ಸರಿಸಿದ್ದರು, ಆಮೇಲೆ ನೋಡಿದರೆ ಅರ್ಧ ಕ್ಲಾಸಿಗೆ ಒಬ್ಬೊಬ್ಬ ಉಗ್ಗುವ ಅಣ್ಣ, ಕಿವಿ ಕೇಳದ ಅಜ್ಜಿ, ಸಂತೆಯಲ್ಲಿ ಬಾಡಿಗೆಗೆ ತಂದ ಹಾಗೆ. ಇವಳದ್ದು ಮಾತ್ರ ಅಸಲಿ ಅಣ್ಣ. ಎರಡನೇ ವರ್ಷ ಕೇಸ್ ಬೇಕು ಅಂದಾಗ ಅವನನ್ನೇ ಕರೆತಂದು ಕ್ಯಾಮೆರಾದ ಮುಂದೆ ಕೂರಿಸಿದಳು, ನೂರು ಪದಕ್ಕೆ ಇಪ್ಪತ್ತಮೂರು ಕಡೆ ಸಿಕ್ಕಿಹಾಕಿಕೊಂಡ, ಇವರ ಭಾಷೆಯಲ್ಲಿ ಬ್ಲಾಕ್, ಎಂಥಾ ಒಳ್ಳೇ ಬ್ಲಾಕ್ ಕಣೇ ನಿಮ್ಮಣ್ಣನದು, ಪಾಠಕ್ಕೆ ಇಟ್ಕೋಬಹುದು, ಎಂದರು ಗೆಳತಿಯರು, ಇವಳಿಗೆ ಹೆಮ್ಮೆಯೇ ಆಯಿತು, ನಾಚಿಕೆಗೆಟ್ಟವಳಿಗೆ. ಅವನು ಸುಮ್ಮನೆ ಮೇಡಮ್ಮಿನ ಮೇಜಿನಿಂದ ಅವರ ಕನ್ನಡಕ ಎತ್ತಿಕೊಂಡು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಸಡಿಲವಾಗಿದ್ದ ಕಡ್ಡಿ ಬಿಗಿ ಮಾಡಿ ಇಟ್ಟ, ಮೇಡಂ ಹಾಕಿಕೊಂಡು, ವಾಹ್, ಈಗ, ಜಾರ್ತಿಲ್ಲ, ಎಂದರು. ಅಪ್ಪ ಬಿಟ್ಟುಹೋದ ಕನ್ನಡಕದ ಅಂಗಡಿ, ಹಿಂದೆ ಸಾಣೆಯ ಚಕ್ರದ ಮುಂದೆ ಅಣ್ಣ, ಎದುರಿಗೆ ಕೌಂಟರಿನಲ್ಲಿ ಇವಳು, ಸಂಜೆ ಆರರಿಂದ ಒಂಬತ್ತು, ಪಾಯಿಂಟ್ ಎಷ್ಟು, ಫ್ರೇಮ್ ಯಾವುದು, ನಿಮ್ಮ ಮುಖಕ್ಕೆ ದುಂಡಗಿನದೇ ಚೆನ್ನ — ಯಾವ ಮುಖಕ್ಕೂ ಯಾವುದೂ ಚೆನ್ನಿರಲಿಲ್ಲ — ಅಮ್ಮನಿಗೆ ಮಂಡಿ ನೋವು, ಅಣ್ಣನಿಗೆ ಬಾಯಿಲ್ಲ, ಅದಕ್ಕೇ ಏಳನೇ ವಯಸ್ಸಿನಿಂದ ಎರಡು ಬಾಯಿ ಇವಳಿಗೇ. ಹೋಟೆಲಿನಲ್ಲಿ ಅವನಿಗೆ ಕಾಫಿ ಹೇಳುವವಳು ಇವಳು, ಅವನು ಕಾಫಿ ಕುಡಿಯುವವನೇ ಅಂತ ಯಾರು ಕೇಳಿದರು, ಬಂದದ್ದನ್ನು ಕುಡಿದ. ಕಾಲೇಜಿನ ಗುಮಾಸ್ತ ಯಾವ ವಿಷಯಪ್ಪ ಅಂದಾಗ ಕಾಮರ್ಸ್ ಅಂದವಳು ಇವಳು, ಹಿಂದೆ ಕ್ಯೂ ಬೆಳೆದಿತ್ತು, ಸೇರಿದ, ಎರಡು ಸಲ ಫೇಲಾಗಿ ಸಾಣೆಗೆ ಬಂದು ಕೂತ. ಮನೆಯಲ್ಲಿ ಎಲ್ಲರೂ ಇವಳನ್ನು ಎಷ್ಟು ಹೊಗಳಿದರು, ಪಾಪ ಅಣ್ಣನ ಬಾಯಿ ಆಗಿದ್ದಾಳೆ ಅಂತ.

ಎರಡನೇದು ಬಸ್‌ಸ್ಟ್ಯಾಂಡು, ವಿಚಾರಣೆ ಅಂತ ಬೋರ್ಡಿರುವ ಕಿಂಡಿ, ಒಳಗೆ ನಶ್ಯ ಹಾಕಿದ ಮೂಗು, ಕೇಳಬೇಕಾದ್ದು ನಾಲ್ಕೂಮುಕ್ಕಾಲರ ಬಸ್ಸು ಇದೆಯಾ ಅಂತ, ನ ಅಂತ ಹಿಡಿದದ್ದೇ ತಡ ಕಿಂಡಿಯವನು ಒಂದು ಚೀಟಿ ನೂಕಿ, ಬರ್ಕೊಡಮ್ಮಾ, ಬರ್ಕೊಡು, ಎಂದು ಕಿವುಡರಿಗೆ ಹೇಳುವ ಹಾಗೆ ಅರಚಿದ, ಹಿಂದಿನ ಹೆಂಗಸು ಪಾಪ ಎಂದಳು, ಅವಳ ಪಕ್ಕದವಳು ಎಷ್ಟು ಲಕ್ಷಣವಾಗಿದ್ದಾಳೆ ಎಂದಳು, ಬಾಯಿ ನಿಂತರೆ ಲಕ್ಷಣ ಯಾಕೆ ಹೋಗಬೇಕು ಮಹಾತಾಯಿ, ಇವಳು ಬಗ್ಗಿ ಚೀಟಿಯಲ್ಲಿ ಬರೆದುಕೊಟ್ಟಳು, ಮುತ್ತಿನಂಥ ಅಕ್ಷರದಲ್ಲಿ, ವಿಧೇಯಳಾಗಿ. ಮತ್ತೆ ತಲೆಯಾಡಿಸಿದಳು. ಈ ಸಲ ತನ್ನ ತಲೆ ತಗ್ಗಿದ್ದು ತನಗೇ ಗೊತ್ತಾಯಿತು, ಗಲ್ಲ ಕಾಲರಿಗೆ ತಾಕಿತು, ಮತ್ತು ಅದು ಅವಳ ತಲೆಯಾಗಿರಲಿಲ್ಲ, ಭಾನುವಾರದ ಊಟದ ಮೇಜಿನ ಮೇಲೆ ತಗ್ಗಿದ ತಲೆ ಅದು.

ಭಾನುವಾರ ಮಾವ ಬಂದಿದ್ದರು, ಅಮ್ಮನ ತಮ್ಮ, ಬಣ್ಣದ ಡಬ್ಬಿಗಳ ಹೋಲ್‌ಸೇಲ್ ವ್ಯಾಪಾರಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಅಂತ ಶುರು ಮಾಡಿದರೆ ಮನೆಯಿಂದ ಯಾವುದೋ ಒಂದು ಹೊರಟಿತು ಅಂತಲೇ ಅರ್ಥ, ಅಂಗಡಿ ಜಾಗ ನಾನು ತಗೋತೀನಿ, ಇವನು ನಮ್ಮೂರಿಗೆ ಬಂದು ನನ್ನ ಗೋಡೌನು ನೋಡ್ಕೊಳ್ಲಿ, ಅಲ್ಲಿ ಮಾತೇ ಬೇಡ, ಡಬ್ಬಿಗಳ ಜೊತೆ ಏನು ಮಾತು, ನಕ್ಕರು, ತಾವೇ ಹೇಳಿ ತಾವೇ ನಗುವ ಜಾತಿ. ಏನಪ್ಪಾ, ಬರ್ತೀಯ? ಅಣ್ಣ ಲೋಟ ಕೆಳಗಿಟ್ಟ. ಬಾಯಿ ತೆರೆದ. ತುಟಿ ಅಂಟಿತು, ಕತ್ತಿನ ನರ ಎದ್ದಿತು, ಎಡಗಣ್ಣಿನ ರೆಪ್ಪೆ ಅದುರತೊಡಗಿತು, ಅಮ್ಮ ಗೋಡೆ ನೋಡಿದಳು, ಮಾವ ಗಡಿಯಾರ ನೋಡಿದರು, ಒಬ್ಬರಾದರೂ ಅವನನ್ನು ನೋಡಿದರಾ, ಇವಳು ನೋಡಿದಳು, ಕಲಿತ ಕಣ್ಣು, ತುಟಿಯ ಬ್ಲಾಕ್, ತೀವ್ರ, ಎಂದು ಒಳಗೇ ಬರೆದುಕೊಂಡಳು, ಅವಳ ಬ್ಯಾಗಿನಲ್ಲಿ ಆಸ್ಪತ್ರೆಯ ಇಂಟರ್ನ್‌ಶಿಪ್ ಕಾಗದ ಇತ್ತು, ಸಂಜೆ ಪಾಳಿ, ಅಂಗಡಿ ಇದ್ದರೆ ಹೋಗೋ ಹಾಗಿಲ್ಲ, ಹೋಗದಿದ್ದರೆ ಡಿಗ್ರಿ ಇಲ್ಲ, ಎರಡು ಸೆಕೆಂಡು, ಮೂರು, ಬರ್ತಾನೆ ಬಿಡಿ ಮಾವ, ಎಂದಳು ಇವಳು, ಇಲ್ಲೇನಿದೆ ಅವನಿಗೆ. ಅಣ್ಣನ ಬಾಯಿ ಮುಚ್ಚಿತು. ಅವಳ ಕಡೆ ನೋಡಿದ, ಸಿಟ್ಟಿನಿಂದಲ್ಲ, ಸಿಟ್ಟಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಗಲ್ಲ ಕಾಲರಿಗೆ ತಾಕುವಷ್ಟು ತಲೆ ತಗ್ಗಿಸಿದ, ಕನ್ನಡಕ ಮೂಗಿನ ತುದಿಗೆ ಜಾರಿತು, ಸಾಣೆಯ ಮಸಿ ಹಿಡಿದ ಬೆರಳಿನಿಂದ ಮೇಲೆ ದೂಡಿಕೊಂಡು ಊಟ ಮುಂದುವರಿಸಿದ. ಒಪ್ಪಿದ್ದಾನೆ ಅಂದರು ಎಲ್ಲರೂ. ಅದಕ್ಕೆ ಒಪ್ಪಿಗೆ ಅಂತ ಹೆಸರಿಟ್ಟವಳು ಇವಳೇ, ಮೂರು ವರ್ಷ ಓದಿದವಳು, ಬೇರೆಯವರ ವಾಕ್ಯ ಮುಗಿಸಬೇಡಿ ಅಂತ ಮೊದಲನೇ ವರ್ಷದ ಮೊದಲನೇ ಪುಟದಲ್ಲಿ ಗೆರೆ ಎಳೆದುಕೊಂಡವಳು.

ಮೂರನೇದು ಫೋನಲ್ಲೂ ಮಾಡ್ಬಹುದು, ಮಾಡಿ ಮುಗಿಸು, ನಾನು ಜ್ಯೂಸ್ ತರ್ತೀನಿ, ಎಂದು ಫಸ್ಟ್ ರ‍್ಯಾಂಕು ಆಚೆ ಹೋದಳು. ಕಲ್ಲು ಬೆಂಚು, ಪಕ್ಕದಲ್ಲಿ ಯಾರೋ ಬಿಟ್ಟುಹೋದ ಪೇಪರು, ನಾಲ್ಕೂ ನಲವತ್ತು. ಅಣ್ಣನಿಗೇ ಫೋನ್ ಮಾಡಬಹುದಲ್ಲ, ಅವನು ಫೋನ್ ಎತ್ತೋದಿಲ್ಲ, ಎತ್ತಿದರೂ ಏನು, ಕೇಳಿದರೆ ತಾನೆ, ಕೇಳಿ ನೋಡು, ಇಪ್ಪತ್ತು ವರ್ಷದಲ್ಲಿ ಒಂದು ಸಲ ಕೇಳಿ ನೋಡು, ಇನ್ನೂ ಇಪ್ಪತ್ತು ನಿಮಿಷ ಇದೆ, ಬೇಡ ಅಂದರೆ ಮಾವನಿಗೆ ನಾನೇ ಹೇಳ್ತೀನಿ, ಆ ಡಬ್ಬಿ ವ್ಯಾಪಾರಿಗೆ ಹೇಳೋದೇನು ಕಷ್ಟ — ರಿಂಗಾಯಿತು, ನಾಲ್ಕು, ಐದು ಸಲ, ಎತ್ತಿದ. ಹಿಂದೆ ಸಾಣೆಯ ಚಕ್ರ ತಿರುಗುವ ಸದ್ದು. ಎಲ್ಲ ಕಟ್ಟಿಟ್ಟಿರ್ತಾನೆ ಅಂದುಕೊಂಡರೆ ಇವನಿನ್ನೂ ಯಾರಿಗೋ ಲೆನ್ಸ್ ಉಜ್ಜುತ್ತಿದ್ದಾನೆ. ಅಣ್ಣಾ, ನಾನು, ಚಕ್ರ ನಿಲ್ಲಿಸು. ನಿಂತಿತು. ನಿಂಗೆ ಮಾವನ ಊರಿಗೆ ಹೋಗೋಕೆ ಇಷ್ಟ ಇದೆಯಾ, ನೀನೇ ಹೇಳು, ನಾನು ಮಧ್ಯ ಮಾತಾಡಲ್ಲ, ಎಷ್ಟು ಹೊತ್ತಾದ್ರೂ ಕಾಯ್ತೀನಿ.

ಆ ಕಡೆ ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಒಂದು. ಎರಡು. ದೂರದಲ್ಲಿ ಫಸ್ಟ್ ರ‍್ಯಾಂಕು ಎರಡು ಲೋಟ ಹಿಡಿದು ಬರುತ್ತಿದ್ದವಳು ಇವಳು ಬಾಯಿ ತೆರೆದು ಮಾತಿಲ್ಲದೆ ಕೂತದ್ದನ್ನು ಕಂಡು, ಲೋಟಗಳನ್ನು ಕಟ್ಟೆಯ ಮೇಲಿಟ್ಟು, ಗಬಕ್ಕನೆ ಸ್ಟಾಪ್‌ವಾಚ್ ಒತ್ತಿದಳು, ಹೆಬ್ಬೆರಳೆತ್ತಿ ತೋರಿಸಿದಳು, ಭೇಷ್, ಹಿಡ್ಕೋ. ನಾಲ್ಕು. ಈಗ ಕತ್ತಿನ ನರ ಎದ್ದಿರುತ್ತೆ. ಐದು, ಕಾಯಬೇಕು, ಕಾಯೋದು ಅಂದರೆ ಸುಮ್ಮನಿರೋದಲ್ಲ, ಸಿದ್ಧವಾಗಿರೋದು, ಎಂದು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ತಗೊಂಡವಳು, ಏಳು, ಗಂಟಲಲ್ಲಿ ಏನೋ ಕೆರೆದ ಸದ್ದು, ಬರ್ತಿದೆ, ಮಾತು ಬರ್ತಿದೆ, ಹೌದು ಅನ್ನೋಕೆ ಇಷ್ಟು ಕಷ್ಟಪಡಬೇಕಾಗಿಲ್ಲ, ಹೌದಾಗಿದ್ದರೆ ಮೊನ್ನೆಯೇ, ಎಂಟು, ಇದು ಬೇಡ ಅನ್ನೋದೇ, ಅವನು ಬೇಡ ಅಂತಾನೆ, ಅಂದೇಬಿಡ್ತಾನೆ, ಅಂದರೆ ನಾಳೆ ಸಂಜೆ ಆರಕ್ಕೆ ಮತ್ತೆ ಕೌಂಟರು, ಪಾಯಿಂಟ್ ಎಷ್ಟು, ದುಂಡಗಿನದು ಚೆನ್ನ, ಇಂಟರ್ನ್‌ಶಿಪ್ ಬೇರೆಯವರಿಗೆ, ಈ ಸ್ಟಾಪ್‌ವಾಚಿನವಳಿಗೇ ಸಿಗುತ್ತೆ, ಹತ್ತು, ಅವನ ಬಾಯಿ ತೆರೀತಿದೆ, ಕೇಳಿಸ್ತಿದೆ, ಭಯವಾಗ್ತಿದೆ ನಂಗೆ, ಹನ್ನೊಂದು — ಸರಿ ಬಿಡಣ್ಣ, ಹೋಗ್ತೀಯ ತಾನೆ, ಅಲ್ಲೂ ಚೆನ್ನಾಗೇ ಇರುತ್ತೆ, ಎಂದು ಗಂಟೆ ಹೊಡೆದ ಹಾಗೆ ಅವಳ ನಾಲಿಗೆಯೇ ಹೇಳಿಬಿಟ್ಟಿತು.

ಹೂಂ, ಎಂದ ಅಣ್ಣ. ತಡವೇ ಇಲ್ಲ, ತಡೆಯೇ ಇಲ್ಲ, ನೂರು ಪದ ಎಣಿಸಿದಾಗ ಹೂಂ ಅನ್ನೋದನ್ನು ಪದ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ, ಬಾಯಿ ತೆರೆಯೋದೇ ಬೇಕಿಲ್ಲವಲ್ಲ ಅದಕ್ಕೆ. ಫೋನು ಇಟ್ಟ ಸದ್ದು. ಹನ್ನೊಂದು ಸೆಕೆಂಡು ಕಣೇ, ಕ್ಲಾಸಿಗೇ ರೆಕಾರ್ಡು, ಆ ಕಡೆಯವರು ಏನ್ ಮಾಡಿದ್ರು, ಎಂದು ಫಸ್ಟ್ ರ‍್ಯಾಂಕು ಪೆನ್ನಿನ ಮುಚ್ಚಳ ತೆಗೆದಳು. ಕೇಳುಗರು ಮಾತು ಪೂರ್ತಿ ಮಾಡಿದರು, ಎಂದಳು ಇವಳು. ಅಷ್ಟು ಹೊತ್ತು ಕಾದು ಆಮೇಲಾ? ಅಷ್ಟು ಹೊತ್ತು ಕಾದು ಆಮೇಲೆ. ಕೆಂಪು ಪೆನ್ನು, ಟಿಕ್, ಜ್ಯೂಸ್ ತಗೋ, ಬಸ್ಸು ಬಂತು ನೋಡು, ಹತ್ತು, ಎಲ್ಲರೂ ಹತ್ತುತ್ತಿದ್ದಾರೆ, ಅಂಗಡಿಯಲ್ಲಿ ಅಣ್ಣ ಒಬ್ಬನೇ, ನೋಡುವವರಿಲ್ಲ, ಆದರೂ ತಲೆ ತಗ್ಗಿಸಿರುತ್ತಾನೆ, ಗಲ್ಲ ಕಾಲರಿಗೆ ತಾಕುತ್ತೆ, ಕನ್ನಡಕ ಮೂಗಿನ ತುದಿಗೆ ಜಾರುತ್ತೆ, ಮಸಿ ಹಿಡಿದ ಬೆರಳು ಮೇಲೆ ದೂಡುತ್ತೆ, ಗಲ್ಲ ಕಾಲರಿಗೆ ತಾಕುತ್ತೆ, ಕನ್ನಡಕ ಜಾರುತ್ತೆ, ಬೆರಳು, ಗಲ್ಲ ಕಾಲರಿಗೆ